ಕೀ ಕೊಡುವ ಟೈಮರ್ ಜೊತೆ ಮೂರು ಮಳೆಗಾಲ

2022ರ ಮೇ ತಿಂಗಳಲ್ಲಿ ಕುಶಾಲನಗರದ ಪಾತ್ರೆ ಅಂಗಡಿಯೊಂದರಲ್ಲಿ 380 ರೂಪಾಯಿಗೆ ಈ ಟೈಮರ್ ಕೊಂಡೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಕೆಂಪು ಬಣ್ಣದ್ದು, ಮೇಲೆ ಕಂಪನಿಯ ಹೆಸರೂ ಇಲ್ಲ. ಬ್ಯಾಟರಿ ಬೇಡ. ತಲೆಯನ್ನು ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ, ಟಿಕ್ ಟಿಕ್ ಎನ್ನುತ್ತಾ ಹಿಂದಕ್ಕೆ ಬರುತ್ತದೆ, ಸೊನ್ನೆ ಮುಟ್ಟಿದಾಗ ಗಂಟೆ ಬಾರಿಸುತ್ತದೆ. ಇಡ್ಲಿ ಬೇಯಿಸುವವರಿಗೆಂದು ಮಾಡಿದ ವಸ್ತು. ನಾನು ಅದನ್ನು ಕರಡು ತಿದ್ದುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಬೆಂಗಳೂರಿನ ಪ್ರಕಾಶನವೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮನೆ ಇರುವುದು ಮಡಿಕೇರಿಗೂ ಸುಂಟಿಕೊಪ್ಪಕ್ಕೂ ನಡುವೆ, ರಸ್ತೆಯಿಂದ ಒಳಗೆ, ತೋಟದ ಮಧ್ಯೆ. ಮನೆಯಲ್ಲಿ ನನ್ನ ಗಂಡ, ಅತ್ತೆ, ಶಾಲೆಗೆ ಹೋಗುವ ಮಗಳು. ದೂರದಿಂದ ನೋಡುವವರಿಗೆ ಇಲ್ಲಿ ಏಕಾಗ್ರತೆಗೆ ಏನೂ ಅಡ್ಡಿಯಿಲ್ಲ ಎನ್ನಿಸಬಹುದು. ಆದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಕೆಲಸದವರು ಬರುತ್ತಾರೆ, ಸಂಜೆ ನಾಲ್ಕಕ್ಕೆ ಹಣ್ಣಿನ ಚೀಲಗಳ ತೂಕ ಬರೆದುಕೊಳ್ಳಬೇಕು, ಕಣದಲ್ಲಿ ಹರಡಿದ್ದು ಮೋಡ ಕವಿದರೆ ಒಳಗೆ ಬರಬೇಕು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು.

ಹೊತ್ತನ್ನು ತುಂಡು ಮಾಡಿಕೊಂಡು ಕೆಲಸ ಮಾಡುವ ಈ ಕ್ರಮವನ್ನು ರೂಪಿಸಿದವರು ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ, 1980ರ ದಶಕದ ಕೊನೆಯಲ್ಲಿ, ತಾವು ವಿದ್ಯಾರ್ಥಿಯಾಗಿದ್ದಾಗ. ಅವರು ಬಳಸಿದ್ದೂ ಅಡುಗೆಮನೆಯ ಟೈಮರ್, ಟೊಮೆಟೊ ಆಕಾರದ್ದು. ಇಟಾಲಿಯನ್ ಭಾಷೆಯಲ್ಲಿ ಟೊಮೆಟೊಗೆ ಪೊಮೊಡೊರೊ ಎನ್ನುತ್ತಾರೆ, ಈ ಕ್ರಮಕ್ಕೆ ಪೊಮೊಡೊರೊ ಎಂಬ ಹೆಸರು ಬಂದದ್ದು ಅಲ್ಲಿಂದ. 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು. ಹೀಗೆ ನಾಲ್ಕು ಸುತ್ತು ಮುಗಿದ ಮೇಲೆ ಸ್ವಲ್ಪ ದೀರ್ಘ ವಿಶ್ರಾಂತಿ.

ಮೊದಲು ಮೊಬೈಲಿನ ಆ್ಯಪ್ ಒಂದನ್ನು ಇಟ್ಟುಕೊಂಡು ಪ್ರಯತ್ನಿಸಿದ್ದೆ. ಆ್ಯಪ್ ಚೆನ್ನಾಗಿಯೇ ಇತ್ತು. ಆದರೆ ಇನ್ನೆಷ್ಟು ನಿಮಿಷ ಉಳಿದಿದೆ ಎಂದು ನೋಡಲು ಮೊಬೈಲ್ ಎತ್ತಿಕೊಂಡರೆ, ತೋಟದವರ ಗುಂಪಿನಲ್ಲಿ ಮಳೆಯ ಲೆಕ್ಕ ಬಂದಿರುತ್ತಿತ್ತು. ಮಾರ್ಚ್‌ನ ಹೂಮಳೆಯ ಹೊತ್ತಿನಲ್ಲಂತೂ ಒಬ್ಬರು ಒಂದು ಇಂಚು ಇಪ್ಪತ್ತು ಸೆಂಟ್ ಎನ್ನುತ್ತಾರೆ, ಪಕ್ಕದ ಊರಿನವರು ಬರೀ ಅರವತ್ತು ಸೆಂಟ್ ಎನ್ನುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ರೊಬಸ್ಟಾ ಹೂ ಅರಳುವುದು, ಕಾಯಿ ಕಟ್ಟುವುದು ಆ ಮಳೆಯನ್ನೇ ನಂಬಿರುವಾಗ ಅದನ್ನು ಓದದೆ ಮೊಬೈಲ್ ಕೆಳಗಿಡಲು ನನ್ನಿಂದ ಆಗುವುದಿಲ್ಲ. ಮೊಬೈಲನ್ನು ಬಂದ್ ಮಾಡಿಡಿ ಎಂದು ಸಲಹೆ ಕೊಡುವವರಿದ್ದಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದದ್ದನ್ನು ಕಂಡವರು ಮಳೆಗಾಲದಲ್ಲಿ ಮೊಬೈಲ್ ಬಂದ್ ಮಾಡುವುದಿಲ್ಲ. ಈಗ ಅದು ಪಡಸಾಲೆಯಲ್ಲಿ, ಕರೆ ಬಂದರೆ ಕೇಳುವಷ್ಟು ಸದ್ದಿನಲ್ಲಿ ಇರುತ್ತದೆ. ಮೇಜಿನ ಮೇಲೆ ಈ ಟೈಮರ್ ಮಾತ್ರ. ಇದರಲ್ಲಿ ನಿಮಿಷದ ಹೊರತು ನೋಡುವುದಕ್ಕೆ ಬೇರೇನೂ ಇಲ್ಲ, ನನಗೆ ಬೇಕಾಗಿದ್ದದ್ದೂ ಅದೇ.

ನನ್ನ ಕೆಲಸಕ್ಕೆ 25 ನಿಮಿಷದ ಅಳತೆ ಹೊಂದುತ್ತದೆ. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಕಡತವನ್ನು ಯೂನಿಕೋಡ್‌ಗೆ ಬದಲಿಸಿದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ, ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಉಳಿದಿರುತ್ತದೆ. ದಣಿದ ಕಣ್ಣಿಗೆ ಇವು ಯಾವುವೂ ಕಾಣುವುದಿಲ್ಲ. ಇರಬೇಕಾದ ಪದವನ್ನು ಮನಸ್ಸೇ ತುಂಬಿಕೊಂಡು ಓದಿಬಿಡುತ್ತದೆ. ಮೊದಲೆಲ್ಲ ಎರಡು ಗಂಟೆ ಒಂದೇ ಸಮನೆ ಕುಳಿತು ತಿದ್ದಿದ ಪುಟಗಳನ್ನು ಮರುದಿನ ನೋಡಿದರೆ, ಕೊನೆಯ ಪುಟಗಳಲ್ಲೇ ಹೆಚ್ಚು ತಪ್ಪು ಉಳಿದಿರುತ್ತಿದ್ದವು. ಈಗ ಗಂಟೆ ಬಾರಿಸಿದ ಕೂಡಲೇ ಎದ್ದು ಅಂಗಳಕ್ಕೆ ಬರುತ್ತೇನೆ. ಸಿಲ್ವರ್ ಓಕ್ ಮರಗಳ ತುದಿಯನ್ನು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನೋಡುತ್ತಾ ನಿಲ್ಲುತ್ತೇನೆ. ಬಿಡುವಿನಲ್ಲಿ ಏನನ್ನೂ ಓದುವುದಿಲ್ಲ, ದಿನಪತ್ರಿಕೆಯನ್ನು ಕೂಡ. ಕಣ್ಣಿಗೆ ಅಕ್ಷರದಿಂದಲೇ ಬಿಡುವು ಬೇಕಾಗಿರುವಾಗ ಬೇರೆ ಅಕ್ಷರ ತೋರಿಸಿ ಪ್ರಯೋಜನವಿಲ್ಲ.

ಇದರಿಂದ ನನಗಾದ ದೊಡ್ಡ ಲಾಭ ಎಂದರೆ ನನ್ನ ಕೆಲಸದ ಅಳತೆ ತಿಳಿದದ್ದು. ಒಂದು ಸುತ್ತಿಗೆ ಮೂರು ಪುಟ. ಒಂದು ಫಾರಂ ಎಂದರೆ 16 ಪುಟ, ಅದಕ್ಕೆ ಐದರಿಂದ ಆರು ಸುತ್ತು ಬೇಕು. ಮನೆಯ ಕೆಲಸವನ್ನೂ ನೋಡಿಕೊಂಡು ನಾನು ಒಳ್ಳೆಯ ದಿನದಲ್ಲಿ ಎಂಟು ಸುತ್ತು ಮುಗಿಸುತ್ತೇನೆ, ಅಂದರೆ 24 ಪುಟ, ಒಂದೂವರೆ ಫಾರಂ. ಅದಕ್ಕೆ ಮೊದಲು ದಿನಕ್ಕೆ ಎರಡು ಫಾರಂ ಕೊಡುತ್ತೇನೆಂದು ಒಪ್ಪಿಕೊಂಡು, ರಾತ್ರಿ ಹನ್ನೊಂದರವರೆಗೆ ಕುಳಿತು, ತಡವಾಯಿತೆಂದು ಕ್ಷಮೆ ಕೇಳುತ್ತಿದ್ದೆ. ಈಗ ಸುತ್ತು ಎಣಿಸಿ ದಿನಾಂಕ ಹೇಳುತ್ತೇನೆ. ಆ ದಿನಕ್ಕೆ ಕೊಡುತ್ತೇನೆ.

ಸಿರಿಲ್ಲೊ ಅವರ ಕ್ರಮದಲ್ಲಿ ಇನ್ನೊಂದು ಅಭ್ಯಾಸವಿದೆ. ಕೆಲಸದ ನಡುವೆ ಮನಸ್ಸು ತಾನಾಗಿ ಬೇರೆಡೆ ಹೊರಟರೆ ಕಾಗದದ ಮೇಲೆ ಉದ್ಧರಣ ಚಿಹ್ನೆಯಂಥ ಒಂದು ಸಣ್ಣ ಗುರುತು, ಬೇರೆಯವರು ತಡೆದರೆ ಒಂದು ಅಡ್ಡಗೆರೆ. ಒಂದು ತಿಂಗಳು ಹೀಗೆ ಬರೆದಿಟ್ಟೆ. ಮನೆಯವರು ನನ್ನನ್ನು ಕೆಲಸ ಮಾಡಲು ಬಿಡುವುದಿಲ್ಲ ಎಂದು ನಾನು ಎಷ್ಟೋ ಸಲ ಗಂಡನ ಹತ್ತಿರ ಹೇಳಿಕೊಂಡಿದ್ದೆ. ಕಾಗದ ನೋಡಿದರೆ ಅಡ್ಡಗೆರೆ ಒಂದಿದ್ದ ಕಡೆ ಆ ಸಣ್ಣ ಗುರುತು ಮೂರಿದ್ದವು. ಅದನ್ನು ಕಂಡ ಮೇಲೆ ಮನೆಯವರ ಮೇಲಿದ್ದ ಸಿಟ್ಟು ತಾನಾಗಿ ಇಳಿಯಿತು.

ಗಂಟೆಯ ಸದ್ದು ಮನೆಗೆಲ್ಲ ಕೇಳುತ್ತದೆ ಎಂಬುದನ್ನು ಕೊಳ್ಳುವಾಗ ನಾನು ಯೋಚಿಸಿರಲಿಲ್ಲ. ಎರಡೇ ವಾರದಲ್ಲಿ ಅದು ಎಲ್ಲರ ಗಂಟೆಯಾಯಿತು. ಮಗಳು ಲೆಕ್ಕದ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು, ಟಿಕ್ ಟಿಕ್ ಕೇಳಿಸಿದರೆ ಹಿಂದಿರುಗುತ್ತಾಳೆ. ಯಾರಾದರೂ ಬಂದರೆ ಅತ್ತೆಯವರೇ, "ಕೂತುಕೊಳ್ಳಿ, ಈಗ ಗಂಟೆ ಹೊಡೆಯುತ್ತದೆ, ಬರುತ್ತಾಳೆ" ಎನ್ನುತ್ತಾರೆ. ಬಾಗಿಲು ಹಾಕಿಕೊಂಡು ಕುಳಿತಾಗ ಯಾವಾಗ ತೆರೆಯುತ್ತೇನೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ತಟ್ಟುತ್ತಿದ್ದರು. ಈಗ ಕಾಯಬೇಕಾದದ್ದು ಎಷ್ಟು ಹೊತ್ತು ಎಂದು ಅವರಿಗೂ ಗೊತ್ತು.

ಇದೇ ಮುಂದೆ ಒಂದು ದಿನ ನನ್ನನ್ನು ಬೆಚ್ಚಿಬೀಳಿಸಿತು. 2023ರ ಕಕ್ಕಡ ತಿಂಗಳು, ಅಂದರೆ ಜುಲೈ-ಆಗಸ್ಟ್ ಹೊತ್ತು, ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಅತ್ತೆ ಬಚ್ಚಲುಮನೆಯ ಮೆಟ್ಟಿಲಲ್ಲಿ ಜಾರಿ ಪಾದ ಉಳುಕಿಸಿಕೊಂಡರು. ಕರೆಯಲಿಲ್ಲ. ಗಂಟೆ ಹೊಡೆದು ನಾನು ಹೊರಗೆ ಬಂದಾಗ ಒದ್ದೆ ಮೆಟ್ಟಿಲ ಮೇಲೆಯೇ ಗೋಡೆಗೊರಗಿ ಕುಳಿತಿದ್ದರು. "ನಿನ್ನ ಕೆಲಸ ಮುಗಿಯಲಿ ಎಂದು ಸುಮ್ಮನಿದ್ದೆ" ಎಂದರು. ಎಪ್ಪತ್ತಾರರ ಹಿರಿಯರು ಮೂರು ಪುಟದ ಕರಡಿಗಾಗಿ ನೋವು ನುಂಗಿಕೊಂಡು ಕುಳಿತಿದ್ದರು. ಒಮ್ಮೆ ಆರಂಭಿಸಿದ ಸುತ್ತನ್ನು ಒಡೆಯಬಾರದು, ಒಡೆದರೆ ಅದು ಲೆಕ್ಕಕ್ಕಿಲ್ಲ ಎಂಬುದು ಈ ಕ್ರಮದ ಮೂಲ ನಿಯಮ. ನಾನೇ ಅದನ್ನು ಮನೆಯಲ್ಲಿ ಹತ್ತು ಸಲ ಹೇಳಿ ಅವರ ತಲೆಗೆ ತುಂಬಿದ್ದೆ. ಆ ಸಂಜೆಯೇ ದೇವರ ಕೋಣೆಯಲ್ಲಿದ್ದ ಇನ್ನೊಂದು ಕೈಗಂಟೆಯನ್ನು ತಂದು ಅವರ ಮಂಚದ ಪಕ್ಕ ಇಟ್ಟೆ, ಬಚ್ಚಲಿಗೆ ಹೋಗುವಾಗಲೂ ಜೊತೆಗೆ ಒಯ್ಯಬೇಕೆಂದು ಹೇಳಿದೆ. ಅದು ಸದ್ದಾದರೆ ಟೈಮರ್ ಎಷ್ಟರಲ್ಲೇ ಇರಲಿ, ನಾನು ಏಳುತ್ತೇನೆ. ಹಿರಿಯರು, ಚಿಕ್ಕ ಮಕ್ಕಳು ಇರುವ ಮನೆಯಲ್ಲಿ ಈ ಕ್ರಮ ಹಿಡಿಯುವವರು ಟೈಮರ್ ತರುವ ದಿನವೇ ಇಂಥದ್ದೊಂದು ಏರ್ಪಾಟು ಮಾಡಿಕೊಳ್ಳಬೇಕು. ನನಗೆ ಅದು ಹೊಳೆಯಲು ಒಂದು ವರ್ಷ ಹಿಡಿಯಿತು.

ವಸ್ತುವಿನ ದೋಷಗಳ ಬಗ್ಗೆಯೂ ಹೇಳಬೇಕು. ನಿಮಿಷ ಕರಾರುವಾಕ್ಕಾಗಿರುವುದಿಲ್ಲ. ಗೋಡೆ ಗಡಿಯಾರದ ಜೊತೆ ಹೋಲಿಸಿ ನೋಡಿದ್ದೇನೆ, 25ಕ್ಕೆ ಇಟ್ಟದ್ದು ಕೆಲವೊಮ್ಮೆ 23ಕ್ಕೆ, ಕೆಲವೊಮ್ಮೆ 27ಕ್ಕೆ ಬಾರಿಸುತ್ತದೆ. ಕರಡು ತಿದ್ದಲು ಇದರಿಂದ ನಷ್ಟವಿಲ್ಲ. ನೇರವಾಗಿ 25ಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಪೂರ್ತಿ ಬಿಗಿಯಾಗದೆ ಗಂಟೆ ಕ್ಷೀಣವಾಗುತ್ತದೆ. 55 ದಾಟಿಸಿ, ಅಲ್ಲಿಂದ ಹಿಂದಕ್ಕೆ ತಂದು ಇಡಬೇಕು. ನನ್ನ ಕೋಣೆಗೆ ತಗಡಿನ ಶೀಟು ಹೊದಿಸಿದೆ. ಜುಲೈ ಮಳೆ ಜೋರಾಗಿ ಹೊಡೆದರೆ ಮೇಜಿನ ಮೇಲಿರುವ ಗಂಟೆಯೂ ಕೇಳುವುದಿಲ್ಲ. ಆಗ ಅದನ್ನು ಖಾಲಿ ಸ್ಟೀಲ್ ತಟ್ಟೆಯ ಮೇಲಿಡುತ್ತೇನೆ. ತಟ್ಟೆ ನಡುಗಿ ಸದ್ದು ಹೆಚ್ಚುತ್ತದೆ. ಪ್ರಕಾಶನದವರ ಜೊತೆ ಮಾತನಾಡುವಾಗ ಟಿಕ್ ಟಿಕ್ ಅತ್ತ ಕಡೆಯವರಿಗೂ ಕೇಳಿಸುತ್ತದೆ, ಆದ್ದರಿಂದ ಆಗ ಬಳಸುವುದಿಲ್ಲ.

ನಮ್ಮ ಕಡೆ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವ ತೇವದಲ್ಲಿ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಟೈಮರ್ ಏಳನೇ ನಿಮಿಷದ ಹತ್ತಿರ ನಿಂತುಬಿಡಲು ತೊಡಗಿತು. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಎರಡು ತೊಟ್ಟು ಬಿಟ್ಟೆ. ನವೆಂಬರ್‌ವರೆಗೆ ಚೆನ್ನಾಗಿ ನಡೆಯಿತು, ಡಿಸೆಂಬರ್‌ನ ಬೆಳಗಿನಲ್ಲಿ ಪೂರ್ತಿ ನಿಂತಿತು. ಮಡಿಕೇರಿಯಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ಬಿಚ್ಚಿ ನೋಡಿ, "ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಹಲ್ಲುಚಕ್ರದಲ್ಲಿ ಹೆಪ್ಪುಗಟ್ಟುವುದಿಲ್ಲವೇನಮ್ಮಾ?" ಎಂದು ಕೇಳಿದರು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಚಳಿಗಾಲದ ಬೆಳಗಿನಲ್ಲಿ ನಮ್ಮ ಅಡುಗೆಮನೆಯ ಬಾಟಲಿಯಲ್ಲಿ ಅದು ಬೆಣ್ಣೆಯಂತೆ ಇರುತ್ತದೆ. ಅವರು ಎಲ್ಲವನ್ನೂ ತೊಳೆದು, ಗಡಿಯಾರದ ಎಣ್ಣೆ ಹಾಕಿ, 100 ರೂಪಾಯಿ ತೆಗೆದುಕೊಂಡರು. ಅಂದಿನಿಂದ ಒಮ್ಮೆಯೂ ನಿಂತಿಲ್ಲ. ಮಳೆಗಾಲದಲ್ಲಿ ರಾತ್ರಿ ಅದನ್ನು ಅಕ್ಕಿ ತುಂಬಿದ ಡಬ್ಬಿಯಲ್ಲಿ, ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ.

ಕರೆಂಟ್ ಹೋದ ದಿನಗಳಲ್ಲಿ ಇದರ ನಿಜವಾದ ಬೆಲೆ ತಿಳಿಯುತ್ತದೆ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಎರಡು ಗಂಟೆ ಬರುತ್ತದೆ. ನಾಲ್ಕು ಸುತ್ತು, ನಡುವೆ ಮೂರು ಬಿಡುವು, ಒಟ್ಟು 115 ನಿಮಿಷ. ಬ್ಯಾಟರಿ ಮುಗಿಯುವ ಹೊತ್ತಿಗೆ ಹನ್ನೆರಡು ಪುಟ ಮುಗಿದಿರುತ್ತವೆ. ಕರೆಂಟ್ ಯಾವಾಗ ಬರುತ್ತದೆ ಎಂದು ಕಿಟಕಿ ನೋಡುತ್ತಾ ಕುಳಿತ ದಿನಗಳು ಎಷ್ಟೋ ಇದ್ದವು. ಈಗ ಹೋದ ಕೂಡಲೇ ಟೈಮರ್ ತಿರುಗಿಸುತ್ತೇನೆ.

ಕೊಯ್ಲಿನ ಕಾಲಕ್ಕೆ ಮಾತ್ರ ಬೇರೆ ಲೆಕ್ಕ. ಬೆಳಿಗ್ಗೆ ಐದರಿಂದ ಏಳರೊಳಗೆ ನಾಲ್ಕು ಸುತ್ತು, ಮಧ್ಯಾಹ್ನ ಒಂದೋ ಎರಡೋ. ಹಗಲಿಡೀ ಫೋನಿನಲ್ಲಿ ಮಾತನಾಡುವ ಉದ್ಯೋಗದವರಿಗೆ, ಯಾರ ಕರೆ ಬಂದರೂ ಆ ಕ್ಷಣವೇ ಉತ್ತರಿಸಬೇಕಾದವರಿಗೆ ಈ ಟೈಮರ್ ಸಹಾಯ ಮಾಡಲಾರದು. ಅನುವಾದ, ಲೆಕ್ಕಪತ್ರ, ಪರೀಕ್ಷೆಯ ಓದು ಇಂಥವುಗಳಿಗೆ ಧೈರ್ಯವಾಗಿ ಕೊಳ್ಳಬಹುದು. ಅಂಗಡಿಯಲ್ಲೇ ಒಮ್ಮೆ 55ರವರೆಗೆ ತಿರುಗಿಸಿ ಐದು ನಿಮಿಷಕ್ಕೆ ಇಟ್ಟು, ಗಂಟೆ ಕೇಳಿಯೇ ಹಣ ಕೊಡಿ. ಮಗಳು ಬರುವ ವರ್ಷ ಹತ್ತನೇ ತರಗತಿ, ತನಗೂ ಒಂದು ಬೇಕು ಎಂದಿದ್ದಾಳೆ. ಮುಂದಿನ ವಾರ ಕುಶಾಲನಗರಕ್ಕೆ ಹೋದಾಗ ತರುತ್ತೇನೆ.