ಕೊಲಂಬಿಯಾ ಕಪ್: ನನ್ನ ಅಂಕ ರಕ್ಷಣಾ ತಂಡಕ್ಕೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆನೆವಿಕ್‌ನಲ್ಲಿ ಜುಲೈ ತಿಂಗಳಲ್ಲಿ ಕೊಲಂಬಿಯಾ ನದಿಯ ಮೇಲೆ ಕೊಲಂಬಿಯಾ ಕಪ್ ಅನ್ನುವ ಹೈಡ್ರೋಪ್ಲೇನ್ (ನೀರಿನ ಮೇಲೆ ತೇಲಿ ಹಾರುವಂತೆ ಓಡುವ ವೇಗದ ದೋಣಿ) ರೇಸ್ ನಡೆಯುತ್ತದೆ. ಮಗನ ಮನೆ ಪಕ್ಕದ ರಿಚ್‌ಲ್ಯಾಂಡಿನಲ್ಲಿ, ಹಾಗಾಗಿ ನೋಡುವ ಯೋಗ ಬಂತು. ಯಾರು ಗೆದ್ದರು ಅಂತ ಮಾತ್ರ ಕೇಳಬೇಡಿ. ಕಾರವಾರದಲ್ಲಿ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತನಾದವನ ಕಣ್ಣು ಹೋಗುವುದು ರಕ್ಷಣಾ ದೋಣಿಗಳ ಕಡೆಗೇ.

ಈ ರೇಸ್ ದೋಣಿಗಳಿಗೆ ಚಿನೂಕ್ ಹೆಲಿಕಾಪ್ಟರಿನ ಟರ್ಬೈನ್ ಎಂಜಿನ್. ನೇರ ದಾರಿಯಲ್ಲಿ ಗಂಟೆಗೆ 300 ಕಿ.ಮೀ. ಹತ್ತಿರ ಹೋಗುತ್ತವೆ, ತಳ ನೀರಿಗೆ ತಾಗಿಯೂ ತಾಗದ ಹಾಗೆ. ತಳದಡಿ ಗಾಳಿ ಹೊಕ್ಕರೆ ಮೂತಿ ಮೇಲೆದ್ದು ದೋಣಿ ಹಿಮ್ಮುಖ ಪಲ್ಟಿ. 1981ರಲ್ಲಿ ಚಾಲಕ ಬಿಲ್ ಮನ್ಸಿ ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಹೀಗೇ ಸತ್ತರು. ಮರುವರ್ಷ ಇದೇ ನದಿಯಲ್ಲಿ ಡೀನ್ ಚೆನೊವೆತ್. ಆಮೇಲೆ ಚಾಲಕನ ಆಸನದ ಮೇಲೆ ಎಫ್-16 ಯುದ್ಧವಿಮಾನದ ಪಾರದರ್ಶಕ ಮುಚ್ಚಳ ಬಂತು. ಚಾಲಕ ಹೊರಗೆ ಎಸೆಯಲ್ಪಡುವುದು ತಪ್ಪಿತು, ಸರಿ. ಆದರೆ ಮಗುಚಿದರೆ ಬೆಲ್ಟಿನಲ್ಲಿ ತಲೆಕೆಳಗಾಗಿ ನೀರೊಳಗೇ ನೇತಾಡಬೇಕು. ಉಸಿರಿಗೆ ಮಾಸ್ಕ್ ಇದೆ, ದೋಣಿಯ ತಳದಲ್ಲಿ ಪಾರಾಗುವ ಬಾಗಿಲೂ ಇದೆ. ಪ್ರಜ್ಞೆ ತಪ್ಪಿದವನಿಗೆ ಆ ಬಾಗಿಲು ತೆಗೆಯುವವರು ಯಾರು? ಅದಕ್ಕೇ ರಕ್ಷಣಾ ದೋಣಿಗಳಲ್ಲಿ ಈ ಡೈವರ್‌ಗಳು, ಅಂದರೆ ಮುಳುಗುಗಾರರು.

ಅವತ್ತು ಯಾವ ದೋಣಿಯೂ ಮಗುಚಲಿಲ್ಲ. ಆದರೂ ಧೈರ್ಯವಾಗಿ ಅಂಕ ಕೊಡುತ್ತೇನೆ, ಏನೂ ನಡೆಯದಿದ್ದಾಗಲೇ ತಂಡದ ತಾಕತ್ತು ಗೊತ್ತಾಗುವುದು. 40 ಡಿಗ್ರಿ ಹತ್ತಿರದ ಬಿಸಿಲು, ಮೈಗೆ ಅಂಟಿದ ರಬ್ಬರ್ ಸೂಟು, ಒಬ್ಬರೂ ಜಿಪ್ ಇಳಿಸಲಿಲ್ಲ. ರೇಸ್ ಓಡುವಷ್ಟು ಹೊತ್ತು ಫೋನ್ ಹಿಡಿದವರಿಲ್ಲ. ಒಂದು ದೋಣಿಯ ಎಂಜಿನ್ ನಡುನೀರಿನಲ್ಲಿ ನಿಂತಾಗ, ಜನ ಅಯ್ಯೋ ಅನ್ನುವಷ್ಟರಲ್ಲಿ ಇವರ ದೋಣಿ ಹೊರಟಾಗಿತ್ತು. ಚಾಲಕ ಮುಚ್ಚಳ ತೆಗೆದು ಎದ್ದು ಕೈ ಬೀಸಿದ ಮೇಲೂ ವಾಪಸ್ ಬರದೆ ಹತ್ತಿರವೇ ಕಾದರು.

ಸಂಜೆ ದಡದಲ್ಲಿ ತಂಡದ ಒಬ್ಬ ಹೆಣ್ಣುಮಗಳು ಸಿಕ್ಕಳು. ವಾರವಿಡೀ ಆಸ್ಪತ್ರೆಯಲ್ಲಿ ನರ್ಸ್, ಇಲ್ಲಿ ಬಿಟ್ಟಿ ಸೇವೆ. ಬೆಲ್ಟ್ ಕತ್ತರಿಸುವ ಚಾಕು ಎದೆಯ ಹತ್ತಿರ ಒಂದು, ಕಾಲಿಗೊಂದು. ಎರಡು ಯಾಕಮ್ಮ ಅಂತ ಮಗನ ಕೈಲಿ ಕೇಳಿಸಿದೆ. ಒಂದು ಕೈ ಸಿಕ್ಕಿಹಾಕಿಕೊಂಡರೆ ಇನ್ನೊಂದಕ್ಕೆ ಎಟುಕಬೇಕಲ್ಲ ಅಂದಳು. ರಕ್ಷಣೆಯ ಕ್ರಮವನ್ನೂ ಹೇಳಿದಳು: ಮೊದಲು ಉಸಿರು, ಆಮೇಲೆ ಕುತ್ತಿಗೆ ಅಲುಗದ ಹಾಗೆ ಹಲಗೆಗೆ ಕಟ್ಟುವುದು, ದೋಣಿಯ ಗತಿ ಕೊನೆಗೆ. ನಮ್ಮ ದಳದಲ್ಲಿ ಹೊಸ ಹುಡುಗರಿಗೆ ಈ ಕ್ರಮ ಕಲಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತಿತ್ತು.

ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ತಂಡದ ತಪ್ಪಿಗಲ್ಲ, ಧ್ವನಿವರ್ಧಕಕ್ಕೆ: ರೇಸ್ ನಿಂತಾಗ ಏನಾಯಿತೆಂದು ಹೇಳುವುದು ಬಿಟ್ಟು ಜಾಹೀರಾತು ಹಾಕಿದರು. ಹೋಗುವವರು ತಿರುವಿನ ಹತ್ತಿರ ಕೂರಿ, ರಕ್ಷಣಾ ದೋಣಿ ಚೆನ್ನಾಗಿ ಕಾಣುತ್ತದೆ. ನೆರಳಿಲ್ಲ, ಕೊಡೆ ಒಯ್ಯಿರಿ.