ಒರಲೆ ಹುತ್ತ ಕಟ್ಟಿಸಲು ನೆಟ್‌ಲೋಗೋ ಒಳ್ಳೆಯದೋ, ಪೈಥಾನ್ ಒಳ್ಳೆಯದೋ?

ಶಿರಸಿ ಕಡೆಯ ಸೊಪ್ಪಿನ ಬೆಟ್ಟಗಳಲ್ಲಿ ಹುತ್ತಕ್ಕೆ ಬರವಿಲ್ಲ. ಮೇಸ್ತ್ರಿಯಿಲ್ಲದೆ, ನಕ್ಷೆಯಿಲ್ಲದೆ ಒರಲೆಗಳು ಅದನ್ನು ಎಬ್ಬಿಸುವುದು ಹೇಗೆ? ಆಗಿರುವ ಕೆಲಸವೇ ಮುಂದಿನ ಕೆಲಸ ಹೇಳುತ್ತದೆ ಎಂದರು ಫ್ರಾನ್ಸಿನ ಪಿಯರ್-ಪಾಲ್ ಗ್ರಾಸೆ, 1959ರಲ್ಲಿ. ಒಂದು ಒರಲೆ ಇಟ್ಟ ಮಣ್ಣುಂಡೆ ಕಂಡರೆ ಇನ್ನೊಂದಕ್ಕೂ ಅಲ್ಲೇ ಇಡುವ ಉಮೇದು. ಇದನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಲು ಎರಡು ಸಾಫ್ಟ್‌ವೇರ್ ಬಳಸಿದೆ: ಒಂದೊಂದು ಜೀವಿಗೂ ನಿಯಮ ಕೊಟ್ಟು ಓಡಿಸುವ ನೆಟ್‌ಲೋಗೋ, ಮತ್ತು ಪೈಥಾನ್ ಭಾಷೆಯಲ್ಲಿ ಅದೇ ಕೆಲಸಕ್ಕಿರುವ ಮೆಸಾ. ಎರಡೂ ಪುಕ್ಕಟೆ.

ನೆಟ್‌ಲೋಗೋ ಜೊತೆಗೇ ‘ಟರ್ಮೈಟ್ಸ್’ ಎಂಬ ಮಾದರಿ ಬರುತ್ತದೆ. ಸುಮ್ಮನೆ ಅಲೆ, ಮರದ ಚಕ್ಕೆ ಸಿಕ್ಕರೆ ಎತ್ತಿಕೋ, ಇನ್ನೊಂದು ಚಕ್ಕೆ ಎದುರಾದರೆ ಪಕ್ಕದ ಖಾಲಿ ಜಾಗದಲ್ಲಿ ಇಡು. ಇಷ್ಟೇ ನಿಯಮ. ಒಂದು ಗುಪ್ಪೆ ಪೂರ್ತಿ ಕರಗಿತೆಂದರೆ ಅಲ್ಲಿ ಹೊಸದು ಹುಟ್ಟುವುದಿಲ್ಲ, ಏಕೆಂದರೆ ಚಕ್ಕೆ ಇಡಲು ಮೊದಲೇ ಒಂದು ಚಕ್ಕೆ ಬೇಕು. ಹಾಗಾಗಿ ಗುಪ್ಪೆಗಳು ಕಡಿಮೆಯಾಗುತ್ತಲೇ ಹೋಗುತ್ತವೆ. ಆದರೆ ಇದು ರಾಶಿ, ಹುತ್ತವಲ್ಲ.

ಹುತ್ತದ ಕಂಬಗಳು ಬೇಕೆಂದರೆ, ಉಳಿದ ಒರಲೆಗಳನ್ನು ಸೆಳೆಯುವ ವಾಸನೆಯನ್ನು ಮಣ್ಣಿಗೆ ಸೇರಿಸಬೇಕು. 1977ರಲ್ಲಿ ಬೆಲ್ಜಿಯಂನ ವಿಜ್ಞಾನಿ ಡೆನ್ಯೂಬೂರ್ಗ್ ಗಣಿತದಲ್ಲಿ ತೋರಿಸಿದ್ದೂ ಅದನ್ನೇ. ನೆಟ್‌ಲೋಗೋದಲ್ಲಿ ವಾಸನೆ ಹರಡಿಸಲು ‘ಡಿಫ್ಯೂಸ್’ ಎಂಬ ಒಂದೇ ಸಾಲು ಸಾಕು. ಮೆಸಾದಲ್ಲಿ ಆ ಲೆಕ್ಕವನ್ನು ನಾನೇ ನಂಪೈ (ಪೈಥಾನಿನ ಲೆಕ್ಕದ ಸಲಕರಣೆ) ಹಿಡಿದು ಬರೆಯಬೇಕಾಯಿತು. ನೆಟ್‌ಲೋಗೋದಲ್ಲಿ ಮಾದರಿ ಓಡುತ್ತಿರುವಾಗಲೇ ಸ್ಲೈಡರ್ ಎಳೆದು, ವಾಸನೆ ಬೇಗ ಆರಿದರೆ ಕಂಬ ಏಳದೇ ಹೋಗುವುದನ್ನು ಕಣ್ಣಾರೆ ನೋಡುವ ಸುಖವೇ ಬೇರೆ. ವೇಗದಲ್ಲೂ, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಮೆಸಾ ತೆವಳುತ್ತದೆ. ನೂರಾರು ಸಲ ಓಡಿಸಲು ಪೈಥಾನೇ ಬೇಕು ಎನ್ನುವವರು ಆ ಕೆಲಸಕ್ಕೆಂದೇ ನೆಟ್‌ಲೋಗೋದಲ್ಲಿರುವ ಬಿಹೇವಿಯರ್‌ಸ್ಪೇಸ್ ತೆರೆದು ನೋಡಿಲ್ಲ, ಅಷ್ಟೆ.

ಹಾಗಾದರೆ ಮೆಸಾ ಯಾಕೆ? ಒರಲೆಗಳು ವಾಸನೆಗಿಂತ ಮೇಲ್ಮೈಯ ಬಾಗು ನೋಡಿ ಮಣ್ಣು ಇಡುತ್ತವೆ ಎಂದು ಈಚಿನ ಕೆಲವು ಪ್ರಯೋಗಗಳು ಸೂಚಿಸುತ್ತವೆ. ಬಾಗು ಅಳೆಯಲು ಮೂರು ಆಯಾಮ ಬೇಕು. ನೆಟ್‌ಲೋಗೋಕ್ಕೆ ಮೂರು ಆಯಾಮದ ಆವೃತ್ತಿ ಇದ್ದರೂ ನನಗದು ಒಗ್ಗಲಿಲ್ಲ. ನಂಪೈನ ಮೂರು ಆಯಾಮದ ಪಟ್ಟಿಯಲ್ಲಿ ಒಂದೊಂದು ಮನೆಯೂ ಒಂದು ಮಣ್ಣುಂಡೆ; ಕಮಾನು, ಛಾವಣಿ ಎಲ್ಲ ಅಲ್ಲಿ ಸಲೀಸು.

ವಾಸನೆಯ ನಿಯಮಕ್ಕೂ ಬಾಗಿನ ನಿಯಮಕ್ಕೂ ಹೆಚ್ಚುಕಡಿಮೆ ಒಂದೇ ತರಹದ ಕಂಬ ಎದ್ದಿತು. ಯಾವುದು ನಿಜವೆಂದು ಎರಡು ಸಾಫ್ಟ್‌ವೇರ್‌ಗಳೂ ಹೇಳಲಾರವು, ಬೆಟ್ಟಕ್ಕೇ ಹೋಗಿ ನೋಡಬೇಕು. ಶಾಲೆ ಮಕ್ಕಳಿಗೆ ತೋರಿಸುವುದಾದರೆ ಬ್ರೌಸರಿನಲ್ಲೇ ಓಡುವ ನೆಟ್‌ಲೋಗೋ ವೆಬ್ ತೆರೆಯಿರಿ.