ಅರೆನೆರಳಿಗೆ ಕನಕಾಂಬರವೋ, ಕೇಪಳವೋ?

ಮರದಡಿ ಜಾಗ ಇದೆ, ವರ್ಷವಿಡೀ ಹಸಿರಾಗಿರಬೇಕು, ಹೂವೂ ಬೇಕು ಅಂದ್ರೆ ನನ್ನ ಓಟು ಕನಕಾಂಬರಕ್ಕೆ. ಅರೆನೆರಳಲ್ಲೂ ಚೆನ್ನಾಗಿ ಹೂ ಬಿಡುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೇ. ಪರಿಮಳ ಇಲ್ಲ, ನಿಜ. ಆದರೆ ದಂಡೆ ಕಟ್ಟಿ ಮುಡಿದರೆ ಮಲ್ಲಿಗೆಯಷ್ಟು ಬೇಗ ಬಾಡುವುದಿಲ್ಲ. ಒಣಗಿದ ತೆನೆಗೆ ನೀರು ಚಿಮುಕಿಸಿ ನೋಡಿ, ಕಾಯಿ ಪಟ್ ಅಂತ ಸಿಡಿದು ಬೀಜ ಹಾರುತ್ತದೆ! ಡೆಲ್ಲಿ ತಳಿಯಲ್ಲಿ ಈ ಆಟ ಇಲ್ಲ. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು.

ಕೇಪಳ ನೆರಳಲ್ಲಿ ಬದುಕುತ್ತದೆ, ಆದರೆ ಬಿಸಿಲು ಕಮ್ಮಿಯಾದರೆ ಸುಮ್ನೆ ಸೊಪ್ಪೇ ಜಾಸ್ತಿ. ಸುಣ್ಣದ ಮಣ್ಣಲ್ಲಿ ಎಲೆ ಹಳದಿಯಾಗುತ್ತದೆ. ಉಪಯೋಗದಲ್ಲಿ ಮಾತ್ರ ಇದೇ ಮುಂದು: ಹೂ ಪೂಜೆಗೆ, ಬೇರು ಭೇದಿಯ ಮನೆಮದ್ದಿಗೆ, ಹಣ್ಣು ಮಕ್ಕಳ ಬಾಯಿಗೆ. ಹೂವಿನ ದಂಟು ಕಿತ್ತು ಜೇನು ಚೀಪಿದ್ದು ನೆನಪಿದೆ ಅಲ್ವಾ?